ಎರಡು ಚೀಟಿ, ಒಂದು ಕಿಟಕಿ

ತಿರುವಲ್ಲಿಕೇಣಿ, ಮದರಾಸು
14 ಜುಲೈ 1986

ಪೂಜ್ಯ ಅಂಜನಮ್ಮ ಮೇಡಂ ಅವರಿಗೆ ತಾಹೆರಾಳ ಸಲಾಮುಗಳು.

ನಾನು ಕ್ಷೇಮವಾಗಿ ಬಂದು ಸೇರಿದ್ದೇನೆ. ಅಬ್ಬಾನ ತಂಗಿ ಖುರ್ಷೀದ್ ಫೂಫಿಯ ಮನೆಯಲ್ಲಿದ್ದೇನೆ. ಅವರ ಯಜಮಾನರು ಖಾದರ್ ಬಾಷಾ ಚರ್ಮದ ವ್ಯಾಪಾರಿ. ಮಾತು ಬಹಳ ಕಡಿಮೆ, ಅವರ ಪಾಲಿನ ಮಾತನ್ನೂ ಫೂಫಿಯೇ ಆಡಿಬಿಡುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಗಿಂಡಿಯ ತರಬೇತಿ ಕೇಂದ್ರಕ್ಕೆ ಹೋಗುತ್ತೇನೆ, ಸಂಜೆ ಬೆವರಿ ಮುದ್ದೆಯಾಗಿ ಬರುತ್ತೇನೆ. ನಮ್ಮ ಆಸ್ಪತ್ರೆಗೆ ಬೀಸುವ ಹೆಬ್ಬಾಳದ ಕೆರೆ ಗಾಳಿ ನೆನಪಾಗುತ್ತದೆ.

ತರಗತಿಯಲ್ಲಿ ಬೇರೆ ಬೇರೆ ಆಸ್ಪತ್ರೆಗಳಿಂದ ಬಂದವರಿದ್ದಾರೆ. ಎಲ್ಲರೂ ಲೆಕ್ಕಪತ್ರದ ಕಡೆಯವರು. ಫಾರ್ಮಸಿಯಿಂದ ಬಂದವಳು ನಾನೊಬ್ಬಳೇ. ಕಂಪ್ಯೂಟರ್ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ನೋಡಿದರೆ ಒಂದು ಸಣ್ಣ ಟಿ.ವಿ., ಅದರ ಮುಂದೆ ಟೈಪ್‌ರೈಟರಿನಂಥ ಹಲಗೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತವೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆ ಕೋಣೆ ಮಾತ್ರ ತಣ್ಣಗಿದೆ, ಯಂತ್ರಕ್ಕೆ ಸೆಕೆ ಆಗಬಾರದಂತೆ. ಮೊದಲ ದಿನ ನನ್ನ ಹೆಸರು ಒತ್ತಿದೆ. ಒಂದು ಅಕ್ಷರ ತಪ್ಪಾಗಿ ಇಡೀ ಸಾಲು ಅಳಿಸಿಹೋಯಿತು.

ಆಸ್ಪತ್ರೆಯವರು ಈ ತರಬೇತಿಗೆ ನನ್ನ ಹೆಸರು ಹಾಕಿದ ದಿನದಿಂದ ನೀವು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೊರಡುವ ಮುಂಚೆ ಹೇಳಿ ಹೋಗೋಣ ಅಂತ ಬಂದೆ. ನೀವು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿರಿ. ಕಿಟಕಿಯಲ್ಲಿ ಔಷಧ ಕೊಡುತ್ತಿದ್ದ ಸಂಗಪ್ಪನವರು "ಮೇಡಂಗೆ ಕೆಲಸ ಇದೆಯಮ್ಮ, ನೀನು ಹೊರಡು" ಅಂದರು. ಡಿಪ್ಲೊಮಾ ಮುಗಿಸಿ ಬಂದವಳಿಗೆ ತಕ್ಕಡಿ ಹಿಡಿಯುವುದರಿಂದ ಹಿಡಿದು ರೋಗಿಯ ಮುಖ ನೋಡಿ ಮಾತಾಡುವವರೆಗೆ ಕಲಿಸಿದವರು ನೀವು. ಎಲ್ಲಿ ತಪ್ಪು ಮಾಡಿದೆ ಅಂತ ಹೇಳಿದರೆ ತಿದ್ದಿಕೊಳ್ಳುತ್ತೇನೆ.

ದಯವಿಟ್ಟು ಬರೆಯಿರಿ.

ನಿಮ್ಮ ವಿಧೇಯ
ತಾಹೆರಾ


ಮದರಾಸು
11 ಆಗಸ್ಟ್ 1986

ಪೂಜ್ಯ ಮೇಡಂ ಅವರಿಗೆ ಸಲಾಮುಗಳು.

ನನ್ನ ಪತ್ರ ತಲುಪಿತೋ ಇಲ್ಲವೋ ಗೊತ್ತಾಗಲಿಲ್ಲ. ತಲುಪಿಲ್ಲ ಅಂದುಕೊಂಡೇ ಮತ್ತೆ ಬರೆಯುತ್ತಿದ್ದೇನೆ. ಹಾಗೆ ಅಂದುಕೊಂಡರೆ ಬರೆಯುವುದು ಸುಲಭ.

ಮೊನ್ನೆ ತರಗತಿಯಲ್ಲಿ ಒಂದು ಮಾತು ನಡೆಯಿತು. ನಮ್ಮ ಮೇಷ್ಟ್ರು ತಮಿಳಿನವರು, ಲೆಕ್ಕದಲ್ಲಿ ಬಹಳ ಚುರುಕು. ಔಷಧದ ವಿಭಾಗಕ್ಕೆ ಕಂಪ್ಯೂಟರಿನಲ್ಲಿ ಏನೇನು ಇಡಬೇಕು ಅಂತ ಬೋರ್ಡಿನ ಮೇಲೆ ಬರೆದರು. ಔಷಧದ ಹೆಸರು, ದಾಸ್ತಾನು, ಬೆಲೆ, ಅವಧಿ ಮುಗಿಯುವ ತಾರೀಕು, ಬಿಲ್ಲಿನ ನಂಬರು. ಬರೆದು ಸೀಮೆಸುಣ್ಣ ಕೆಳಗಿಟ್ಟರು. ನಾನು ಎದ್ದು ನಿಂತು, ಔಷಧ ತಿನ್ನುವವರು ಎಲ್ಲಿದ್ದಾರೆ ಸಾರ್ ಅಂತ ಕೇಳಿದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ಆದರೆ ಬಿಲ್ಲಿನ ನಂಬರು ಇದ್ದರೆ ಸಾಕು, ಮಿಕ್ಕಿದ್ದು ಡಾಕ್ಟರ ಫೈಲಿನಲ್ಲಿ ಇರುತ್ತದೆ ಅಂದರು.

ಇರುವುದಿಲ್ಲ ಮೇಡಂ, ಅದು ನನಗೂ ನಿಮಗೂ ಗೊತ್ತು. ತಣಿಸಂದ್ರದ ಕೃಷ್ಣಮ್ಮ ಎದೆ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳುತ್ತಾರೆ, ಮಂಡಿ ನೋವಿಗೆ ಇನ್ನೊಬ್ಬರ ಹತ್ತಿರ ಇನ್ನೊಂದು. ಆ ಇಬ್ಬರು ಡಾಕ್ಟರು ಒಬ್ಬರನ್ನೊಬ್ಬರು ಕಾಣುವುದು ದೀಪಾವಳಿ ಸ್ವೀಟು ಹಂಚುವಾಗ. ಎರಡು ಚೀಟಿಯೂ ಬಂದು ಸೇರುವ ಜಾಗ ನಮ್ಮ ಕಿಟಕಿ ಒಂದೇ. ಅಲ್ಲಿ ನೀವು ಚೀಟಿ ಮುಟ್ಟುವ ಮುಂಚೆ "ದಮ್ಮು ಹೆಂಗಿದೆ ಕೃಷ್ಣಮ್ಮ?" ಅಂತ ಕೇಳುತ್ತೀರಿ. ಆ ಪ್ರಶ್ನೆಯನ್ನು ಯಂತ್ರದಲ್ಲಿ ಎಲ್ಲಿ ಇಡುವುದು ಅಂತ ನನಗೆ ತಿಳಿಯುತ್ತಿಲ್ಲ.

ಇಲ್ಲಿ ಯಾರನ್ನು ಕೇಳಲಿ?

ನಿಮ್ಮ
ತಾಹೆರಾ


ಬೆಂಗಳೂರು
22 ಆಗಸ್ಟ್ 1986

ಕುಮಾರಿ ತಾಹೆರಾ ಅವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿವೆ.

ನಮ್ಮ ಆಡಳಿತಾಧಿಕಾರಿ ವೆಂಕಟರಾಮಯ್ಯನವರು ಮೇ ತಿಂಗಳಲ್ಲೇ ನನ್ನನ್ನು ಕರೆಸಿ ವಿಷಯ ತಿಳಿಸಿದ್ದಾರೆ. ಕಂಪ್ಯೂಟರನ್ನು ಬಿಲ್ಲು ಹಾಕುವ ಹಾಲಿನಲ್ಲಿ ಇಡುತ್ತಾರೆ. ಒಬ್ಬ ಗುಮಾಸ್ತ ಚೀಟಿ ನೋಡಿ ಒತ್ತುತ್ತಾನೆ, ಒಳಗಿನಿಂದ ಒಬ್ಬರು ಡಬ್ಬಿ ತೆಗೆದುಕೊಟ್ಟರೆ ಆಯಿತು. ಮೂವರು ಫಾರ್ಮಸಿಸ್ಟರು ಇರುವ ಕಡೆ ಒಬ್ಬರು ಸಾಕು ಎಂದಿದ್ದಾರೆ. ಗುಮಾಸ್ತನಿಗೆ ಕಲಿಸಿಕೊಡುವುದಕ್ಕೆ ನೀವು ತರಬೇತಿ ಮುಗಿಸಿ ಬರುತ್ತೀರಿ ಎಂದೂ ಹೇಳಿದರು. ಇದೆಲ್ಲ ನಿಮಗೆ ತಿಳಿದ ವಿಷಯವೇ ಇರಬೇಕು.

ನಾನು ಬರುವ ವರ್ಷ ನಿವೃತ್ತಳಾಗುತ್ತೇನೆ. ನನ್ನ ಚಿಂತೆ ಇಲ್ಲ. ಸಂಗಪ್ಪನಿಗೆ ಎರಡು ಸಣ್ಣ ಮಕ್ಕಳಿದ್ದಾರೆ.

ರೋಗಿಗಳ ವಿಷಯ ಪತ್ರದಲ್ಲಿ ಬರೆಯುವುದು ಬೇಡ.

ಇಂತಿ,
ಅಂಜನಮ್ಮ
ಮುಖ್ಯ ಫಾರ್ಮಸಿಸ್ಟ್


ಮದರಾಸು
29 ಆಗಸ್ಟ್ 1986

ಪೂಜ್ಯ ಮೇಡಂ,

ನೀವು ನನ್ನನ್ನು "ನೀವು" ಎಂದು ಕರೆದಿದ್ದೀರಿ. ನಾಲ್ಕು ವರ್ಷದಲ್ಲಿ ಒಂದು ದಿನವೂ ಹಾಗೆ ಕರೆದವರಲ್ಲ. ಆ ಸಾಲು ದಾಟಿ ಮುಂದೆ ಓದುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಿಜ ಹೇಳುತ್ತೇನೆ. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ವೆಂಕಟರಾಮಯ್ಯನವರು ನನಗೆ ಹೇಳಿದ್ದು ಇಷ್ಟೇ: ಫಾರ್ಮಸಿಗೆ ಕಂಪ್ಯೂಟರ್ ಬರುತ್ತದೆ, ನೀನು ಚಿಕ್ಕವಳು, ಬೇಗ ಕಲಿಯುತ್ತೀಯ. ನಾನು ಸಂತೋಷಪಟ್ಟು ಮನೆಗೆ ಬಂದು ಅಮ್ಮಿಗೆ ಹೇಳಿದೆ. ಸಂಗಪ್ಪನವರ ಕೆಲಸ ಹೋಗುತ್ತದೆ ಅಂತ ತಿಳಿದಿದ್ದರೆ ಮದರಾಸಿನ ರೈಲು ಹತ್ತುತ್ತಿದ್ದೆನೇ? ನೀವು ನನ್ನನ್ನು ಅಷ್ಟೇನಾ ತಿಳಿದುಕೊಂಡಿದ್ದು?

ಅವತ್ತು ಸ್ಟೋರ್ ರೂಮಿನ ಬಾಗಿಲು ತೆಗೆದು ಬೈದಿದ್ದರೆ ಚೆನ್ನಾಗಿತ್ತು ಮೇಡಂ.

ವೆಂಕಟರಾಮಯ್ಯನವರಿಗೂ ಬರೆದಿದ್ದೇನೆ. ಗುಮಾಸ್ತನಿಗೆ ಕಲಿಸುವುದಕ್ಕಾದರೆ ನಾನು ಕಲಿಯುವುದಿಲ್ಲ ಎಂದು. ಅವರು ಏನು ಹೇಳುತ್ತಾರೋ ನೋಡಬೇಕು. ನೀವು ಬಾ ಅಂದರೆ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡುತ್ತೇನೆ. ಫೂಫಿ ಬೇಜಾರು ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ.

ಬರಲೋ ಬೇಡವೋ, ಒಂದು ಸಾಲು ಸಾಕು.

ತಾಹೆರಾ


ಸಂಜಯನಗರ, ಬೆಂಗಳೂರು
5 ಅಕ್ಟೋಬರ್ 1986

ತಾಹೆರಾ,

ಬರಬೇಡ. ಕಲಿತೇ ಬಾ.

ಒಂದು ಸಾಲು ಸಾಕು ಎಂದು ನೀನು ಬರೆದಿದ್ದೆ, ಆದರೆ ನಿನಗೆ ಎಲ್ಲ ಹೇಳಬೇಕು. ತಡವಾಯಿತು. ಮೊದಲು ಕೋಪ ಇತ್ತು, ಕೋಪ ಹೋದಮೇಲೆ ನಾಚಿಕೆ. ಆಮೇಲೆ ಆಸ್ಪತ್ರೆಯಲ್ಲಿ ಒಂದು ಅನಾಹುತ ಆಗಿ ಅದರಲ್ಲೇ ದಿನ ಕಳೆಯಿತು.

ನನ್ನ ತಂಗಿಯ ಮಗಳ ಮದುವೆಗೆ ತುಮಕೂರಿಗೆ ಹೋಗಿದ್ದೆ. ಕಿಟಕಿಯಲ್ಲಿ ಸಂಗಪ್ಪ ಇದ್ದ. ನಿನ್ನ ಕೃಷ್ಣಮ್ಮ ಬಂದಿದ್ದಾಳೆ. ಹೊಸದಾಗಿ ಸೇರಿರುವ ಡಾಕ್ಟರ್ ಒಬ್ಬರಿದ್ದಾರೆ, ಬಿ.ಪಿ. ನೋಡುವವರು. ಎದೆ ಡವಡವ ಹೊಡೆದುಕೊಳ್ಳುತ್ತೆ, ಕೈ ನಡುಗುತ್ತೆ ಅಂದಿದ್ದಾಳೆ. ಅವರು ನೋಡಿ ಪ್ರೊಪ್ರನೊಲಾಲ್ ಬರೆದಿದ್ದಾರೆ. ಆ ತೊಂದರೆಗೆ ಸರಿಯಾದ ಔಷಧವೇ. ದಮ್ಮು ಇರುವವರಿಗೆ ಮಾತ್ರ ಅದು ವಿಷ, ನಿನಗೆ ಗೊತ್ತಲ್ಲ, ಉಸಿರಿನ ಕೊಳವೆಯನ್ನೇ ಮುಚ್ಚಿಬಿಡುತ್ತದೆ. ಸಂಗಪ್ಪ ಎಣಿಸಿ ಕೊಟ್ಟಿದ್ದಾನೆ. ಊಟದ ಮೇಲೆ ಒಂದು ನುಂಗಿದ್ದಾಳೆ. ಸ್ವಲ್ಪ ಹೊತ್ತಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಗಿದೆ. ಅವಳ ಗಂಡ ಚಿಕ್ಕಬೈರಪ್ಪ ಸೊಪ್ಪು ಸಾಗಿಸುವ ಟೆಂಪೋದಲ್ಲಿ ಮಲಗಿಸಿಕೊಂಡು ತಂದು ಹಾಕಿದ.

ಬದುಕಿದಳು. ಮೊದಲೇ ಬರೆಯಬೇಕಿತ್ತು ಅದನ್ನ. ಬದುಕಿದ್ದಾಳೆ ತಾಹೆರಾ, ಚೆನ್ನಾಗಿದ್ದಾಳೆ. ಎದೆ ಡಾಕ್ಟರು ಅವತ್ತು ಇನ್ನೂ ಮನೆಗೆ ಹೊರಟಿರಲಿಲ್ಲ.

ನಾನು ಬಂದಾಗ ಸಂಗಪ್ಪ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಊಟ ಬಿಟ್ಟಿದ್ದನಂತೆ. "ಮೇಡಂ, ಚೀಟೀಲಿ ಇದ್ದದ್ದನ್ನೇ ಕೊಟ್ಟೆ. ನಾನು ಎಲ್ಲಿ ತಪ್ಪಿದೆ ಹೇಳಿ" ಅಂದ. ಅವನು ತಪ್ಪಿಲ್ಲ. ಆ ಡಾಕ್ಟರೂ ತಪ್ಪಿಲ್ಲ, ಅವರಿಗೆ ದಮ್ಮಿನ ವಿಷಯ ಯಾರೂ ಹೇಳಿಲ್ಲ. ಕೃಷ್ಣಮ್ಮನ ಮಂಚದ ಹತ್ತಿರ ಕೂತು ಯಾಕೆ ಹೇಳಲಿಲ್ಲವೆಂದು ಕೇಳಿದೆ. "ದಮ್ಮಿಂದು ಆ ಡಾಕ್ಟ್ರಿಗೆ ಏಳಿವ್ನಲ್ಲವ್ವ, ಈ ಡಾಕ್ಟ್ರಿಗ್ಯಾಕೆ ಅಂತ ಸುಮ್ಕಾದೆ" ಅಂದಳು. ಅವಳ ಮಾತಿನಲ್ಲೂ ತಪ್ಪು ಹುಡುಕುವುದಕ್ಕೆ ಆಗಲಿಲ್ಲ.

ಅಲ್ಲೇ ಕೂತು ಯೋಚನೆ ಮಾಡಿದೆ. ಮೂವತ್ತು ವರ್ಷದಿಂದ ಈ ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ಏನು ಒಗ್ಗುವುದಿಲ್ಲ ಅನ್ನುವುದು ನನ್ನ ತಲೆಯಲ್ಲಿದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು. ನಾನು ತುಮಕೂರಿನ ಬಸ್ಸು ಹತ್ತಿದಾಗ ಅದೂ ನನ್ನ ಜೊತೆ ಬಸ್ಸು ಹತ್ತಿತು. ಕಿಟಕಿಯಲ್ಲಿ ಏನೂ ಉಳಿಯಲಿಲ್ಲ. ನಾಳೆ ನಿವೃತ್ತಳಾಗಿ ಹೋದರೆ?

ನಿನ್ನ ಮೇಷ್ಟ್ರನ್ನು ಇನ್ನೊಂದು ಸಲ ಕೇಳು. ಆ ಪ್ರಶ್ನೆಗೆ ಯಂತ್ರದಲ್ಲಿ ಜಾಗ ಇದೆಯೋ ಇಲ್ಲವೋ. ಗಟ್ಟಿಯಾಗಿ ಕೇಳು.

ವೆಂಕಟರಾಮಯ್ಯನವರು ನಿನ್ನ ಕಾಗದ ನನಗೆ ತೋರಿಸಿದರು. ಹುಡುಗಿಗೆ ತಲೆ ತಿರುಗಿದೆ ಎಂದರು. ನನಗೆ ಹಾಗನ್ನಿಸಲಿಲ್ಲ.

ಆಶೀರ್ವಾದಗಳೊಂದಿಗೆ,
ಅಂಜನಮ್ಮ


ಮದರಾಸು
14 ಅಕ್ಟೋಬರ್ 1986

ಪ್ರೀತಿಯ ಮೇಡಂ,

ನಿಮ್ಮ ಕಾಗದ ಬಂದಾಗ ಫೂಫಿ ಅಡುಗೆಮನೆಯಲ್ಲಿದ್ದರು. "ಬದುಕಿದಳು" ಅನ್ನುವ ಕಡೆ ನಾನು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಅವರು ಗಾಬರಿಯಾಗಿ ನೀರು ತಂದು ಕೊಟ್ಟರು. ಏನಾಯಿತು ಅಂತ ಹೇಳಿದೆ. ಯಾವ ಊರಿನ ಯಾರೋ ಕೃಷ್ಣಮ್ಮನಿಗಾಗಿ ಫೂಫಿ ಸೆರಗು ಎಳೆದುಕೊಂಡು ದುವಾ ಮಾಡಿದರು.

ಮರುದಿನ ತರಗತಿ ಮುಗಿದಮೇಲೆ ಮೇಷ್ಟ್ರ ಮುಂದೆ ಹೋಗಿ ನಿಂತೆ. ಕಾಗದವನ್ನು ಸಾಲುಸಾಲಾಗಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಹೆಸರು ಊರು ಬಿಟ್ಟು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ನಮಗೆ ಯಂತ್ರ ಗೊತ್ತು, ಔಷಧ ಗೊತ್ತಿಲ್ಲ, ಅದಕ್ಕೇ ದಾಸ್ತಾನು ಬೆಲೆ ಅಂತ ಬರೆದೆವು ಅಂದರು. ಏನು ಕೇಳಬೇಕು, ಯಾವಾಗ ಕೇಳಬೇಕು ಅಂತ ನೀವು ಬರೆದು ತನ್ನಿ, ಯಂತ್ರಕ್ಕೆ ಅದನ್ನು ಹೇಳಿಕೊಡುವುದು ನಾನು ಕಲಿಸುತ್ತೇನೆ ಅಂದರು. ಈಗ ಸಂಜೆ ಎಲ್ಲರೂ ಹೋದಮೇಲೆ ನಾವು ಕೂರುತ್ತೇವೆ. ನಕ್ಕವರಲ್ಲಿ ಇಬ್ಬರು ಕೂಡ ಕೂರುತ್ತಾರೆ.

ಮೊದಲ ಹೆಜ್ಜೆಯಲ್ಲೇ ಸಿಕ್ಕಿಕೊಂಡಿದ್ದೇನೆ. ಒಬ್ಬ ರೋಗಿ ತಿಂದ ಔಷಧವೆಲ್ಲ ಒಂದೇ ಕಡೆ ಬರಬೇಕಾದರೆ ಆ ರೋಗಿ ಯಾರು ಅಂತ ಯಂತ್ರಕ್ಕೆ ಗೊತ್ತಾಗಬೇಕು. ನಮ್ಮಲ್ಲಿ ಕೃಷ್ಣಮ್ಮ ಅಂದರೆ ಎಷ್ಟು ಜನ! ಹುಟ್ಟಿದ ತಾರೀಕು ಕೇಳಿದರೆ ಕೆರೆ ಕೋಡಿ ಬಿದ್ದ ವರ್ಷ ಅನ್ನುತ್ತಾರೆ. ನೀವು ಹೇಗೆ ಗುರುತು ಹಿಡಿಯುತ್ತೀರಿ? ಇನ್ನೊಂದು, ಯಾವ ಯಾವ ಔಷಧಕ್ಕೆ ಯಂತ್ರ ನಿಲ್ಲು ಅನ್ನಬೇಕು? ಪುಸ್ತಕದಲ್ಲಿರುವುದೆಲ್ಲ ಹಾಕಲೇ?

ಸಂಗಪ್ಪನವರಿಗೆ ಊಟ ಮಾಡಲು ಹೇಳಿ.

ನಿಮ್ಮ
ತಾಹೆರಾ


ಸಂಜಯನಗರ
3 ನವೆಂಬರ್ 1986

ಚಿ. ತಾಹೆರಾಳಿಗೆ ಆಶೀರ್ವಾದಗಳು.

ನಿನ್ನೆ ಯಶವಂತಪುರಕ್ಕೆ, ನಿಮ್ಮ ಮನೆಗೆ ಹೋಗಿದ್ದೆ. ದೀಪಾವಳಿಯ ಕಜ್ಜಾಯ ಕೊಟ್ಟು ಬರೋಣ ಅಂತ. ನಿಮ್ಮಮ್ಮ ಕನೀಜ್ ಬೀ ನನ್ನನ್ನು ಬಿಡಲೇ ಇಲ್ಲ. ನಾನು ಮಾಂಸ ತಿನ್ನುವುದಿಲ್ಲ ಅಂತ ಹೊಸ ಪಾತ್ರೆಯಲ್ಲಿ ಶಾವಿಗೆ ಮಾಡಿದರು. ನೀನು ಕಾಗದದಲ್ಲಿ ಚೆನ್ನಾಗಿದ್ದೇನೆ ಅಂತ ಮಾತ್ರ ಬರೆಯುತ್ತೀಯಂತೆ, ಏನು ತಿಂದೆ ಅಂತ ಬರೆಯುವುದಿಲ್ಲವಂತೆ. ಅದನ್ನು ಸರಿಮಾಡು.

ಈಗ ನಿನ್ನ ಪ್ರಶ್ನೆ. ಹೆಸರನ್ನು ನಂಬಬೇಡ. ಒಂದೇ ಹೆಸರಿನವರು ಒಂದೇ ಬೀದಿಯಲ್ಲಿರುತ್ತಾರೆ. ಒಬ್ಬಳೇ ಹೆಂಗಸು ತವರಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು ಇಟ್ಟುಕೊಂಡಿರುತ್ತಾಳೆ. ಪ್ರತಿಯೊಬ್ಬರಿಗೂ ಒಂದು ನಂಬರು ಕೊಡು, ಎಷ್ಟು ಡಾಕ್ಟರ ಹತ್ತಿರ ಹೋದರೂ ಅದೇ ನಂಬರು. ಅದನ್ನು ರಟ್ಟಿನ ಕಾರ್ಡಿನ ಮೇಲೆ ಬರೆದುಕೊಡೋಣ. ಕಾರ್ಡು ಕಳೆಯುತ್ತಾರೆ, ಅತ್ತಿಗೆಯ ಕಾರ್ಡು ನಾದಿನಿ ತರುತ್ತಾಳೆ. ಅದಕ್ಕೆ ನಂಬರಿನ ಜೊತೆ ಊರು, ಗಂಡನ ಅಥವಾ ತಂದೆಯ ಹೆಸರು ಪರದೆಯ ಮೇಲೆ ಬರಲಿ. ಕಿಟಕಿಯಲ್ಲಿರುವವರು ಅದನ್ನು ಬಾಯಿಬಿಟ್ಟು ಕೇಳಿಯೇ ಮುಂದಕ್ಕೆ ಹೋಗುವ ಹಾಗಿರಲಿ.

ಪುಸ್ತಕದಲ್ಲಿರುವುದೆಲ್ಲ ಹಾಕಬೇಡ. ವಾರ್ಡಿನಲ್ಲಿ ಒಬ್ಬ ರೋಗಿ ದಿನವಿಡೀ ಗಂಟೆ ಒತ್ತುತ್ತಿದ್ದರೆ ನರ್ಸುಗಳು ಕಿವಿಗೊಡುವುದನ್ನೇ ಬಿಟ್ಟುಬಿಡುತ್ತಾರೆ. ಯಂತ್ರವೂ ಮಾತುಮಾತಿಗೆ ಕೂಗಿದರೆ ಸಂಗಪ್ಪ ಅದರ ಬಾಯಿಮುಚ್ಚಿ ಮಾತ್ರೆ ಎಣಿಸುತ್ತಾನೆ. ಪ್ರಾಣಕ್ಕೆ ಬರುವಂಥವು ಮಾತ್ರ ಮೊದಲು ಇರಲಿ. ದಮ್ಮಿಗೆ ಒಗ್ಗದ್ದು, ಪೆನಿಸಿಲಿನ್, ಸಲ್ಫಾ ಒಗ್ಗದವರು, ಬಸುರಿಯರಿಗೆ ಕೊಡಬಾರದ್ದು. ಒಂದು ಪಟ್ಟಿ ಮಾಡಿ ಎದೆ ಡಾಕ್ಟರಿಗೂ ಹೊಸ ಡಾಕ್ಟರಿಗೂ ತೋರಿಸಿದೆ. ಹೊಸ ಡಾಕ್ಟರು ತಾವೇ ಎರಡು ಸೇರಿಸಿದರು. ಪಟ್ಟಿಯನ್ನು ಈ ಲಕೋಟೆಯೊಳಗೆ ಇಟ್ಟಿದ್ದೇನೆ.

ಮುಖ್ಯವಾದ ಇನ್ನೊಂದು ಮಾತು. ಯಂತ್ರ "ಕೊಡಬೇಡ" ಅನ್ನಬಾರದು. "ಕೇಳಿ ಕೊಡು" ಅನ್ನಬೇಕು. ಕೆಲವು ಸಲ ತಿಳಿದೇ ಬರೆದಿರುತ್ತಾರೆ. ನಾವು ಎದ್ದು ಡಾಕ್ಟರ ಕೋಣೆಗೆ ಹೋಗಿ ಕೇಳಬೇಕು. ಆ ನಡಿಗೆಯನ್ನು ಯಂತ್ರ ನಮ್ಮಿಂದ ಕಿತ್ತುಕೊಳ್ಳಬಾರದು.

ಒಂದು ತೊಂದರೆ ಇದೆ. ಕಂಪ್ಯೂಟರ್ ಬಂದು ಡಬ್ಬದಲ್ಲಿ ಕೂತಿದೆ. ಅದನ್ನು ಎಲ್ಲಿ ಇಡಬೇಕು, ಯಾರು ನಡೆಸಬೇಕು ಅಂತ ತೀರ್ಮಾನ ಮಾಡುವ ಟ್ರಸ್ಟಿಗಳ ಸಭೆ ಡಿಸೆಂಬರ್ 12, ಶುಕ್ರವಾರಕ್ಕೆ ಬಂದಿದೆ. ನೀನು ಬರುವುದು ಜನವರಿಗೆ. ಅಷ್ಟರೊಳಗೆ ನೀನು ಮಾಡಿದ್ದನ್ನು ಇಲ್ಲಿಗೆ ಕಳಿಸುವುದಕ್ಕೆ ಆಗುತ್ತದೆಯೇ?

ಅಂಜನಮ್ಮ


ಮದರಾಸು
24 ನವೆಂಬರ್ 1986

ಪ್ರೀತಿಯ ಮೇಡಂ,

ಆಯಿತು! ನಿನ್ನೆ ಸಂಜೆ ಮೇಷ್ಟ್ರು ತಾವೇ ರೋಗಿಯ ಹಾಗೆ ನಟಿಸಿ ನನ್ನ ಮುಂದೆ ಬಂದು ನಿಂತರು. ನಂಬರು ಒತ್ತಿದೆ, ಔಷಧದ ಹೆಸರು ಒತ್ತಿದೆ. ಯಂತ್ರ ಕ್ಷಣ ಯೋಚಿಸಿ ಡಾಕ್ಟರನ್ನು ಕೇಳಿ ಅಂತ ತೋರಿಸಿತು. ಅಕ್ಷರ ಇಂಗ್ಲಿಷಿನವು, ಕನ್ನಡ ಬರೆಸುವುದು ನಮ್ಮಿಂದ ಆಗಲಿಲ್ಲ.

ಇದರ ಜೊತೆ ಬರುತ್ತಿರುವ ಕಪ್ಪು ಚೌಕಕ್ಕೆ ಫ್ಲಾಪಿ ಅನ್ನುತ್ತಾರೆ. ಎಲ್ಲ ಅದರೊಳಗೇ ಇದೆ. ಮಡಿಸಬೇಡಿ, ನಡುವಿನ ತೂತಿನಲ್ಲಿ ಕಾಣುವ ಭಾಗವನ್ನು ಮುಟ್ಟಬೇಡಿ, ಬಿಸಿಲಿಗೆ ಇಡಬೇಡಿ. ಎರಡು ರಟ್ಟಿನ ನಡುವೆ ಇಟ್ಟು ಮೇಲೆ "ಮುದ್ರೆ ಒತ್ತಬಾರದು" ಅಂತ ಮೂರು ಭಾಷೆಯಲ್ಲಿ ಬರೆದಿದ್ದೇನೆ.

ಇವತ್ತು ಮೊಸರನ್ನ, ಮೀನು ಸಾರು ತಿಂದೆ. ಅಮ್ಮಿಗೆ ಹೇಳಿ.

ತಾಹೆರಾ


ಸಂಜಯನಗರ
2 ಡಿಸೆಂಬರ್ 1986

ತಾಹೆರಾ,

ಲಕೋಟೆ ಬಂತು. ಮೂರು ಭಾಷೆಯ ಮೇಲೂ ಅಂಚೆಯವರು ಮುದ್ರೆ ಗುದ್ದಿದ್ದಾರೆ. ಕಂಪ್ಯೂಟರ್ ಕೂರಿಸಲು ಬಂದ ಇಂಜಿನಿಯರು ಹಾಕಿ ನೋಡಿದರು. ಯಂತ್ರ ಗರಗರ ಅಂತು, ಏನೂ ಓದಲಿಲ್ಲ. ನಡುವೆ ಗಾಯವಾಗಿದೆ ಅಂದರು.

ಟ್ರಂಕ್ ಕಾಲ್ ಬುಕ್ ಮಾಡಿ ಮಧ್ಯಾಹ್ನವೆಲ್ಲ ಕಾದೆ, ಲೈನು ಸಿಗಲಿಲ್ಲ. 12ರ ಸಭೆಯಲ್ಲಿ ಬಿಲ್ಲು ಹಾಕುವುದನ್ನು ತೋರಿಸಿದರೆ ಸಾಕು ಎಂದು ವೆಂಕಟರಾಮಯ್ಯನವರು ಹೇಳುತ್ತಿದ್ದಾರೆ. ಯಾರ ಕೈಯಲ್ಲಾದರೂ ಇನ್ನೊಂದು ಕಳಿಸು. ಅಂಚೆಗೆ ಮಾತ್ರ ಹಾಕಬೇಡ.

ಅಂಜನಮ್ಮ


ಮದರಾಸು
6 ಡಿಸೆಂಬರ್ 1986

ಮೇಡಂ,

ಖಾದರ್ ಬಾಷಾ ಫೂಫಾ ಶುಕ್ರವಾರ ಬೃಂದಾವನ ಎಕ್ಸ್‌ಪ್ರೆಸ್‌ನಲ್ಲಿ ತಾವೇ ತರುತ್ತಾರೆ. ಅದಕ್ಕೆ ಮುಂಚೆ ಅವರಿಗೆ ಹೊರಡುವುದಕ್ಕೆ ಆಗದು. ಕಂಟೋನ್ಮೆಂಟಿನಲ್ಲಿ ಇಳಿದು ನೇರ ಆಸ್ಪತ್ರೆಗೆ ಬರುತ್ತಾರೆ. ರೈಲು ಸರಿಯಾದ ವೇಳೆಗೆ ಬಂದರೆ ಸಭೆಗೆ ಮುಂಚೆ ಸಿಗುತ್ತದೆ.

ಬರದಿದ್ದರೆ ನೀವೇ ಮಾತಾಡಬೇಕು. ನಿಮಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ ಅಂತ ಗೊತ್ತು. ಕಿಟಕಿಯಲ್ಲಿ ಮಾತಾಡುವ ಹಾಗೆ ಮಾತಾಡಿ.

ತಾಹೆರಾ


ಸಂಜಯನಗರ
14 ಡಿಸೆಂಬರ್ 1986

ಚಿ. ತಾಹೆರಾಳಿಗೆ ಅನೇಕ ಆಶೀರ್ವಾದಗಳು.

ಎಲ್ಲ ಒಳ್ಳೆಯದಾಯಿತು. ಈ ಸಲ ಮೊದಲೇ ಬರೆದಿದ್ದೇನೆ, ಇನ್ನು ನಿಧಾನವಾಗಿ ಓದು.

ಸಭೆಯ ಹೊತ್ತಿಗೆ ರೈಲು ಬಂದಿರಲಿಲ್ಲ. ಮೊದಲು ಬಿಲ್ಲು ಹಾಕುವುದನ್ನು ತೋರಿಸಿದರು. ಉದ್ದನೆಯ ಕಾಗದ ಕಿರಕಿರ ಅಂತ ಹೊರಗೆ ಬಂತು, ಟ್ರಸ್ಟಿಗಳು ತಲೆದೂಗಿದರು. ಆಮೇಲೆ ವೆಂಕಟರಾಮಯ್ಯನವರು, ಫಾರ್ಮಸಿಯವರದ್ದೂ ಏನೋ ಕೋರಿಕೆ ಇದೆಯಂತೆ ಅಂದರು. ಎದ್ದು ನಿಂತೆ. ಬರೆದುಕೊಂಡು ಹೋಗಿದ್ದ ಇಂಗ್ಲಿಷು ಮರೆತೇಹೋಯಿತು. ಕನ್ನಡದಲ್ಲೇ ಕೃಷ್ಣಮ್ಮನ ವಿಷಯ ಹೇಳಿದೆ. ಚೀಟಿಯಲ್ಲಿ ತಪ್ಪಿರಲಿಲ್ಲ, ಕೊಟ್ಟಿದ್ದರಲ್ಲೂ ತಪ್ಪಿರಲಿಲ್ಲ, ಆದರೂ ಒಂದು ಜೀವ ಹೋಗುತ್ತಿತ್ತು ಅಂದೆ. ಬಿಲ್ಲಿನ ಗುಮಾಸ್ತನಿಗೆ ಯಂತ್ರ ಏನು ಹೇಳಿದರೂ ಅವನಿಗೆ ಅದು ಅರ್ಥವಾಗುವುದಿಲ್ಲ, ಔಷಧ ಓದಿದವರ ಕೈಯಲ್ಲಿ ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ ಅಂದೆ.

ವೆಂಕಟರಾಮಯ್ಯನವರು ಶಾಂತವಾಗಿಯೇ ಹೇಳಿದರು, ಯಾವ ಔಷಧ ಕೊಡಬೇಕು ಅಂತ ನೋಡುವುದು ಡಾಕ್ಟರ ಕೆಲಸ, ಫಾರ್ಮಸಿಯವರು ಅದರಲ್ಲಿ ಕೈಹಾಕಿದರೆ ಡಾಕ್ಟರುಗಳು ಒಪ್ಪುತ್ತಾರೆಯೇ ಎಂದು. ಟ್ರಸ್ಟಿಗಳಿಗೆ ಆ ಮಾತು ಸರಿಯೆನಿಸಿತು.

ಹಿಂದಿನ ಸಾಲಿನಲ್ಲಿ ಹೊಸ ಡಾಕ್ಟರು ಎದ್ದರು. ನಿನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು, ಅಷ್ಟೇ.

"ಆ ಚೀಟಿ ಬರೆದವನು ನಾನು" ಅಂದರು. "ಅವತ್ತು ಯಾರಾದರೂ ಬಂದು ನನ್ನನ್ನ ಒಂದು ಮಾತು ಕೇಳಿದ್ದರೆ ಸಾಕಿತ್ತು. ಇನ್ನುಮೇಲಾದರೂ ಕೇಳಲಿ ಅಂತ ನನ್ನ ಆಸೆ."

ಅಷ್ಟು ಹೇಳಿ ಕೂತುಬಿಟ್ಟರು. ಅವರು ಯಾರಿಗೂ ಹೇಳದೆ ವಾರಕ್ಕೊಮ್ಮೆ ತಣಿಸಂದ್ರಕ್ಕೆ ಹೋಗಿ ಕೃಷ್ಣಮ್ಮನನ್ನು ನೋಡಿಕೊಂಡು ಬರುತ್ತಿದ್ದರಂತೆ, ಆಮೇಲೆ ಚಿಕ್ಕಬೈರಪ್ಪ ಹೇಳಿದ.

ಅಷ್ಟರಲ್ಲಿ ಬಾಗಿಲಲ್ಲಿ ನಿಮ್ಮ ಖಾದರ್ ಬಾಷಾ ಕಾಣಿಸಿಕೊಂಡರು. ಜೋಲಾರಪೇಟೆಯಲ್ಲಿ ರೈಲು ನಿಂತೇಬಿಟ್ಟಿತ್ತಂತೆ. ಫ್ಲಾಪಿಯನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ದಾರಿಯುದ್ದಕ್ಕೂ ಒರಗದೆ ನೆಟ್ಟಗೆ ಕೂತು ಬಂದಿದ್ದಾರೆ. ನನ್ನ ಕೈಗೆ ಕೊಟ್ಟು, "ಬೆವರು ತಾಗಿಲ್ಲ ಅಮ್ಮ, ನೋಡಿ" ಅಂದರು. ಅವರ ಬಾಯಿಂದ ನಾನು ಕೇಳಿದ ಮಾತು ಅದೊಂದೇ, ದಾರಿಯ ಕಥೆ ಆಮೇಲೆ ನಿಮ್ಮಮ್ಮ ಹೇಳಿದ್ದು.

ಇಂಜಿನಿಯರು ಹಾಕಿದರು. ಯಂತ್ರ ಓದಿತು. ನಾನೇ ಒಂದೇ ಬೆರಳಲ್ಲಿ ಒತ್ತಿದೆ. ಅಧ್ಯಕ್ಷರು ಕುರ್ಚಿ ಬಿಟ್ಟು ಬಂದು ಬಗ್ಗಿ ನೋಡಿದರು. ಡಾಕ್ಟರನ್ನು ಕೇಳಿ ಅಂತ ಹಸಿರು ಅಕ್ಷರ ಬಂತು, ನೀನು ಬರೆದ ಹಾಗೆಯೇ.

ಟ್ರಸ್ಟಿಗಳು ಒಪ್ಪಿದರು, ಕಂಪ್ಯೂಟರ್ ನಮ್ಮ ಕಿಟಕಿಯ ಪಕ್ಕ ಬರುತ್ತದೆ. ಬಿಲ್ಲೂ ಅಲ್ಲಿಂದಲೇ. ಮೂವರೂ ಇರುತ್ತೇವೆ. ನೀನು ಬಂದು ಮೊದಲು ನನಗೂ ಸಂಗಪ್ಪನಿಗೂ ಕಲಿಸಬೇಕು ಅಂತ ಬರೆದುಕೊಂಡಿದ್ದಾರೆ. ಸಂಗಪ್ಪ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಸುಮ್ಮನೆ ಅತ್ತ. ನಾನು ನೋಡದವಳ ಹಾಗೆ ಒಳಗೆ ಹೋದೆ. ವೆಂಕಟರಾಮಯ್ಯನವರು ಹೊರಡುವಾಗ, ನಿಮ್ಮ ಹುಡುಗಿಗೆ ತಲೆ ತಿರುಗಿಲ್ಲ ಬಿಡಿ ಅಂದರು. ಕೆಟ್ಟ ಮನುಷ್ಯರಲ್ಲ.

ಇನ್ನೊಂದು ಮಾತು ನಾನೇ ಹೇಳಬೇಕು. ನಿನ್ನನ್ನು ಕೇಳದೆ ನಿನ್ನ ಮೇಲೆ ತೀರ್ಮಾನ ಮಾಡಿಬಿಟ್ಟಿದ್ದೆ. ಅದು ನನಗೆ ಶೋಭೆ ತರಲಿಲ್ಲ. ನೀನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಅಂಜನಮ್ಮ


ಮದರಾಸು
19 ಡಿಸೆಂಬರ್ 1986

ಪ್ರೀತಿಯ ಮೇಡಂ,

ಓದಿದೆ. ಮೇಷ್ಟ್ರಿಗೂ ಓದಿ ಹೇಳಿದೆ. ಅವರು ಹೋಗಿ ಎಲ್ಲರಿಗೂ ಕಾಫಿ ತರಿಸಿದರು. ಬೋರ್ಡಿನ ಮೇಲಿನ ಪಟ್ಟಿಯಲ್ಲಿ ಈಗ ಮೊದಲ ಸಾಲಿನಲ್ಲಿ ರೋಗಿ ಇದ್ದಾರೆ. ಮುಂದಿನ ತರಗತಿಗೆ ಫಾರ್ಮಸಿಸ್ಟರನ್ನೂ ಕಳಿಸಿ ಅಂತ ಎಲ್ಲ ಆಸ್ಪತ್ರೆಗಳಿಗೂ ಬರೆಯುತ್ತಾರಂತೆ.

ಕೊನೆಯ ಮಾತು ನೀವು ಬರೆಯಬೇಕಾಗಿರಲಿಲ್ಲ. ನೀವು "ಬರಬೇಡ, ಕಲಿತೇ ಬಾ" ಅಂದ ದಿನವೇ ಎಲ್ಲ ಮುಗಿದಿತ್ತು.

ತಾಹೆರಾ


ಸಂಜಯನಗರ
9 ಜನವರಿ 1987

ಚಿ. ತಾಹೆರಾಳಿಗೆ ಆಶೀರ್ವಾದಗಳು.

ನೀನು ಬರುವ ಮುಂಚೆ ತಲುಪಲಿ ಅಂತ ಬೇಗ ಬರೆಯುತ್ತಿದ್ದೇನೆ. ಇಂಜಿನಿಯರು ತೋರಿಸಿಕೊಟ್ಟಷ್ಟರಲ್ಲೇ, ದಮ್ಮಿನವರು ಮತ್ತು ಔಷಧ ಒಗ್ಗದವರ ಕಾರ್ಡು ಮಾತ್ರ ಇಟ್ಟುಕೊಂಡು ನಡೆಸುತ್ತಿದ್ದೇವೆ. ನನಗೆ ಇನ್ನೂ ಒಂದೇ ಬೆರಳು. ಸಂಗಪ್ಪನಿಗೆ ಆಗಲೇ ನಾಲ್ಕು.

ಇವತ್ತು ಬೆಳಿಗ್ಗೆ ಆರ್.ಟಿ. ನಗರದಿಂದ ಮರಿಯಮ್ಮ ಅನ್ನುವ ವಯಸ್ಸಾದ ಹೆಂಗಸು ಬಂದಿದ್ದರು. ನಾನು ಒಳಗೆ ಮುಲಾಮು ಕಲಸುತ್ತಿದ್ದೆ. ಸಂಗಪ್ಪ ನಂಬರು ಒತ್ತಿದ, ಊರು ಕೇಳಿದ, ಗಂಡನ ಹೆಸರು ಕೇಳಿದ. ಅವರು ಮುಖ ಸಿಂಡರಿಸಿಕೊಂಡು ಹೇಳಿದರು. ಚೀಟಿಯಲ್ಲಿ ಸಲ್ಫಾ ಮಾತ್ರೆ ಇತ್ತು. ಹೋದ ವರ್ಷ ಅದನ್ನೇ ತಿಂದು ಅವರಿಗೆ ಮೈಯೆಲ್ಲ ಬೊಬ್ಬೆ ಎದ್ದಿತ್ತು. ಯಂತ್ರ ಕೇಳಿ ಕೊಡು ಅಂತು. ಸಂಗಪ್ಪ ಚೀಟಿ ಹಿಡಿದು ಡಾಕ್ಟರ ಕೋಣೆಗೆ ನಡೆದ. ಅವರು ಒಂದು ಗೀಟು ಹಾಕಿ ಬೇರೆ ಬರೆದುಕೊಟ್ಟರು. ಬಂದು ಎಣಿಸಿ ಕೊಟ್ಟ.

ಮರಿಯಮ್ಮನವರು ಇಷ್ಟು ಹೊತ್ತು ನಿಲ್ಲಿಸ್ತೀರಲ್ಲಪ್ಪ, ಟಿ.ವಿ. ಮುಂದೆ ಕೂತ್ಕೊಂಡು ಮಾತ್ರೆ ಕೊಡೋದು ಎಲ್ಲಾದ್ರೂ ಉಂಟಾ ಅಂತ ಗೊಣಗಿದರು. ಬಸ್ಸು ಬರುವುದು ಕಂಡು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದರು. ನಾನೂ ಸಂಗಪ್ಪನೂ ಕಿಟಕಿಯಲ್ಲಿ ತಲೆ ಹಾಕಿ ನೋಡಿದೆವು. ಹತ್ತಿದರು, ಜಾಗವೂ ಸಿಕ್ಕಿತು. ಒಳಗೆ ಕೂತಮೇಲೂ ಪಕ್ಕದವರಿಗೆ ನಮ್ಮನ್ನು ತೋರಿಸಿ ಬೈಯುತ್ತಿದ್ದರು.

ಏನೂ ಆಗಲಿಲ್ಲ ತಾಹೆರಾ. ಆಮೇಲೆ ನಾವಿಬ್ಬರೂ ಟೀ ಕುಡಿದೆವು.

ಅಂಜನಮ್ಮ